ಕ್ಲಾಸ್ ಬರೆಯಲು ಕೂತರೆ ಕೈ ಓಡುತ್ತಿಲ್ಲವೇ?

ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್ (ಮಾಹಿತಿಯನ್ನೂ ಅದರ ಫಂಕ್ಷನ್‌ಗಳನ್ನೂ ಕ್ಲಾಸ್ ಎಂಬ ಒಂದು ಅಚ್ಚಿನಲ್ಲಿ ಕಟ್ಟಿ, ಅದರಿಂದ ಆಬ್ಜೆಕ್ಟ್‌ಗಳನ್ನು ಮಾಡುವ ರೀತಿ) ಬಗ್ಗೆ ಬರುವ ಪ್ರಶ್ನೆಗಳ ಮಾತು ಬೇರೆ ಬೇರೆ ಇದ್ದರೂ ಸುತ್ತಿ ಬಳಸಿ ಒಂದೇ ಜಾಗಕ್ಕೆ ಬರುತ್ತವೆ. ಆ ಒಂದಕ್ಕೆ ಈ ಸಲ ವಿವರವಾಗಿ ಉತ್ತರಿಸಿದ್ದೇನೆ. ವೇರಿಯಬಲ್, ಲೂಪ್, ಫಂಕ್ಷನ್ ಗೊತ್ತಿದೆ ಎಂದುಕೊಂಡೇ ಬರೆದಿದ್ದೇನೆ. ಗೊತ್ತಿಲ್ಲದವರು ಅವನ್ನು ಕಲಿಯದೆ ಕ್ಲಾಸ್‌ಗೆ ಕೈ ಹಾಕಬೇಡಿ.

ಪ್ರಶ್ನೆ: ಸರ್, ಕ್ಲಾಸ್, ಆಬ್ಜೆಕ್ಟ್, ಇನ್‌ಹೆರಿಟೆನ್ಸ್, ಪಾಲಿಮಾರ್ಫಿಸಂ ಎಲ್ಲದರ ವ್ಯಾಖ್ಯೆಯೂ ಬಾಯಿಗೆ ಬರುತ್ತೆ. ಆದರೆ ಗ್ರಂಥಾಲಯಕ್ಕೊಂದು ಪ್ರೋಗ್ರಾಂ ಬರಿ ಅಂದರೆ ಯಾವ ಯಾವ ಕ್ಲಾಸ್ ಮಾಡಬೇಕು ಅನ್ನೋದೇ ಹೊಳೆಯಲ್ಲ. ನಾಮಪದಗಳನ್ನೆಲ್ಲ ಪಟ್ಟಿ ಮಾಡಿ ಒಂದೊಂದಕ್ಕೂ ಒಂದು ಕ್ಲಾಸ್ ಮಾಡಿ ಅಂತ ಒಂದು ವೀಡಿಯೊದಲ್ಲಿ ಹೇಳಿದ್ದರು. ಹಾಗೆ ಮಾಡಿದ್ದಕ್ಕೆ 11 ಕ್ಲಾಸ್ ಆಯಿತು, ಮುಂದೇನು ಗೊತ್ತಾಗ್ತಿಲ್ಲ.

ಉತ್ತರ: ನಾಮಪದ ಹೆಕ್ಕುವ ಉಪದೇಶ ನಿಲ್ಲಬೇಕು. ಹಾಗೆ ಹೆಕ್ಕಿದರೆ ಕಪಾಟು, ಕಾರ್ಡು, ಗ್ರಂಥಪಾಲಕ ಎಲ್ಲವೂ ಕ್ಲಾಸ್ ಆಗಿಬಿಡುತ್ತವೆ. ಅವಕ್ಕೆ ಪ್ರೋಗ್ರಾಂನಲ್ಲಿ ಕೆಲಸವೇ ಇರುವುದಿಲ್ಲ. ನಿಜವಾಗಿ ಬೇಕಾದ ಕ್ಲಾಸ್ ಮಾತ್ರ ಪಟ್ಟಿಯಲ್ಲಿ ಸಿಗುವುದೇ ಇಲ್ಲ. ಅದು ಯಾವುದೆಂದು ಮುಂದೆ ನೋಡೋಣ.

ಮೊದಲು ಇಡೀ ಪ್ರೋಗ್ರಾಂ ಅನ್ನು ಒಂದೂ ಕ್ಲಾಸ್ ಇಲ್ಲದೆ, ಬರೀ ಲಿಸ್ಟ್, ಡಿಕ್ಷನರಿ, ಫಂಕ್ಷನ್‌ಗಳಲ್ಲಿ ಬರೆಯಿರಿ. ನಿಯಮಗಳು ಮೂರೇ ಇರಲಿ: ಒಬ್ಬ ಸದಸ್ಯನ ಬಳಿ ಒಮ್ಮೆಗೆ ಹೆಚ್ಚೆಂದರೆ 3 ಪುಸ್ತಕ, ಹೊರಗೆ ಹೋಗಿರುವ ಪ್ರತಿಯನ್ನು ಇನ್ನೊಬ್ಬರಿಗೆ ಕೊಡುವಂತಿಲ್ಲ, 14 ದಿನದೊಳಗೆ ವಾಪಸ್ ಬರಬೇಕು. ಪುಸ್ತಕ ಕೊಡುವುದು, ಕಾಯ್ದಿರಿಸುವುದು, ವಾಪಸ್ ಪಡೆಯುವುದು, ತಡವಾದವರ ಹೆಸರು ಹೇಳುವುದು, ಇಷ್ಟು ಓಡಿದರೆ ಸಾಕು. ಈ ಹಂತ ಹಾರಿಸಿದವರೇ ಮತ್ತೆ ಮತ್ತೆ ಇದೇ ಪ್ರಶ್ನೆ ಕಳಿಸುತ್ತಾರೆ.

ಈಗ ಬರೆದದ್ದನ್ನು ಎರಡು ಸಲ ಓದಿ. ಒಮ್ಮೆ ಫಂಕ್ಷನ್‌ಗಳ ಆರ್ಗ್ಯುಮೆಂಟ್ ಮಾತ್ರ ನೋಡಿ. ಸದಸ್ಯನ ಹೆಸರು, ಸಂಖ್ಯೆ, ಅವನ ಬಳಿಯಿರುವ ಪುಸ್ತಕಗಳ ಲಿಸ್ಟ್ ಈ ಮೂರೂ ಎಲ್ಲೆಡೆ ಜೊತೆಯಾಗೇ ಓಡಾಡುತ್ತಿದ್ದರೆ ಅವು ಒಂದು ಕ್ಲಾಸ್. ಎರಡನೇ ಸಲ, ನಿಮ್ಮ ಕೋಡ್‌ನಲ್ಲಿ 3 ಎಂಬ ಅಂಕಿ ಎಲ್ಲೆಲ್ಲಿ ಬಂದಿದೆ ಹುಡುಕಿ. ಕೊಡುವ ಫಂಕ್ಷನ್‌ನಲ್ಲಿ ಒಂದು ಕಡೆ, ಕಾಯ್ದಿರಿಸುವ ಫಂಕ್ಷನ್‌ನಲ್ಲಿ ಇನ್ನೊಂದು ಕಡೆ. ನಾಳೆ ಮಿತಿ 4 ಆದರೆ ಒಂದನ್ನು ತಿದ್ದಿ ಇನ್ನೊಂದನ್ನು ಮರೆಯುತ್ತೀರಿ. ಆ ನಿಯಮ ಒಂದೇ ಜಾಗದಲ್ಲಿರಬೇಕು, ಅದನ್ನು ದಾಟಿ ಯಾರೂ ಲಿಸ್ಟ್ ಮುಟ್ಟುವಂತಿರಬಾರದು. ಕ್ಲಾಸ್ ಇರುವುದೇ ಇದಕ್ಕೆ. 'ಯಾವ ವಸ್ತುಗಳಿವೆ' ಎಂದು ಕೇಳಬೇಡಿ. 'ಯಾವುದು ಬದಲಾಗುತ್ತದೆ, ಬದಲಾದ ಮೇಲೂ ಯಾವ ನಿಯಮ ಮುರಿಯಬಾರದು' ಎಂದು ಕೇಳಿ.

ಇನ್ನು 14 ದಿನದ ಗಡುವು ಎಲ್ಲಿರಬೇಕು? ಹೊಸಬರೆಲ್ಲ ಅದನ್ನು ಪುಸ್ತಕ ಕ್ಲಾಸ್‌ಗೆ ತುರುಕುತ್ತಾರೆ. ಒಂದೇ ಶೀರ್ಷಿಕೆಯ 5 ಪ್ರತಿಗಳಿದ್ದು, ಎರಡು ಪ್ರತಿಗಳು ಇಬ್ಬರ ಬಳಿಗೆ ಬೇರೆ ಬೇರೆ ದಿನ ಹೋದರೆ, ಎರಡನೆಯ ತಾರೀಖು ಮೊದಲನೆಯದನ್ನು ಅಳಿಸಿಹಾಕುತ್ತದೆ. ಗಡುವು ಪುಸ್ತಕದ್ದೂ ಅಲ್ಲ, ಸದಸ್ಯನದ್ದೂ ಅಲ್ಲ. ಒಂದು ಪ್ರತಿಯನ್ನು ಒಬ್ಬರಿಗೆ ಕೊಟ್ಟ ಆ ವ್ಯವಹಾರದ್ದು. ಅದೇ 'ಎರವಲು' ಎಂಬ ಕ್ಲಾಸ್: ಯಾವ ಪ್ರತಿ, ಯಾರಿಗೆ, ಕೊಟ್ಟ ದಿನ, ಗಡುವಿನ ದಿನ. ನಾಮಪದ ಪಟ್ಟಿಯಲ್ಲಿ ಸಿಗದ ಕ್ಲಾಸ್ ಇದು. ಅಲ್ಲಿಗೆ ಶೀರ್ಷಿಕೆ, ಪ್ರತಿ, ಸದಸ್ಯ, ಎರವಲು ಎಂದು ನಾಲ್ಕು ಕ್ಲಾಸ್. ಉಳಿದವನ್ನೆಲ್ಲ ಅಳಿಸಿ.

ಬರೆಯುವಾಗ ಕೆಡುವ ಜಾಗಗಳು ಬಹುತೇಕ ಎಲ್ಲರಿಗೂ ಇವೇ. ಮಿತಿ ಮೀರಿದಾಗ ಮೆಥಡ್ (ಕ್ಲಾಸ್ ಒಳಗಿನ ಫಂಕ್ಷನ್) ಒಳಗೆ 'ಕೊಡಲಾಗದು' ಎಂದು ಪ್ರಿಂಟ್ ಮಾಡಿ ಸುಮ್ಮನಾಗುತ್ತೀರಿ. ಕರೆದ ಕೋಡ್‌ಗೆ ಅದು ತಿಳಿಯುವುದೇ ಇಲ್ಲ. ಪುಸ್ತಕ ಕೊಟ್ಟಾಯಿತೆಂದು ಅದು ಮುಂದೆ ಹೋಗುತ್ತದೆ. ಪ್ರಿಂಟ್ ಬೇಡ, ಎಕ್ಸೆಪ್ಷನ್ (ಕರೆದ ಕೋಡ್ ಅನ್ನು ಅಲ್ಲೇ ತಡೆಯುವ ಎರರ್) ಎಸೆಯಿರಿ. ಹಾಗೇ, ಮೊದಲು ಪ್ರತಿಗೆ 'ಹೊರಗಿದೆ' ಎಂದು ಗುರುತು ಹಾಕಿ, ಆಮೇಲೆ ಸದಸ್ಯನ ಮಿತಿ ನೋಡಿದರೆ, ಮಿತಿ ಮೀರಿದಾಗ ಆ ಪ್ರತಿ ಯಾರ ಬಳಿಯೂ ಇರುವುದಿಲ್ಲ, ಕಪಾಟಿನಲ್ಲೂ ಇರುವುದಿಲ್ಲ. ಎಲ್ಲ ಪರೀಕ್ಷೆ ಮುಗಿಸಿದ ಮೇಲೇ ಬದಲಾವಣೆ ಶುರುವಾಗಲಿ. ಇವತ್ತಿನ ತಾರೀಖನ್ನು ಮೆಥಡ್ ಒಳಗೆ ಸಿಸ್ಟಂನಿಂದ ಕೇಳಬೇಡಿ, ಆರ್ಗ್ಯುಮೆಂಟ್ ಆಗಿ ಕೊಡಿ. ಇಲ್ಲದಿದ್ದರೆ ಗಡುವು ಮೀರಿದ್ದನ್ನು ಪರೀಕ್ಷಿಸಲು 15 ದಿನ ಕಾಯಬೇಕಾಗುತ್ತದೆ.

ಇನ್ನೊಂದು ಕಣ್ಣಿಗೆ ಬೀಳದ ತೂತು. ಸದಸ್ಯ ಕ್ಲಾಸ್‌ನಲ್ಲಿ ಎರವಲುಗಳ ಲಿಸ್ಟ್ ಅನ್ನು ಪ್ರೈವೇಟ್ ಮಾಡಿ (ಹೊರಗಿನ ಕೋಡ್ ನೇರವಾಗಿ ಮುಟ್ಟದಂತೆ), ಅದಕ್ಕೊಂದು ಗೆಟರ್ (ಅದನ್ನು ಓದಲು ಕೊಡುವ ಮೆಥಡ್) ಬರೆದು ನಿಶ್ಚಿಂತರಾಗುತ್ತೀರಿ. ಗೆಟರ್ ವಾಪಸ್ ಕೊಡುವುದು ಲಿಸ್ಟ್‌ನ ನಕಲನ್ನಲ್ಲ, ಅದೇ ಲಿಸ್ಟ್‌ನ ರೆಫರೆನ್ಸ್ ಅನ್ನು, ಅಂದರೆ ಅದರ ವಿಳಾಸವನ್ನು. ಹೊರಗಿನವರು ಅದಕ್ಕೆ ನಾಲ್ಕನೆಯದನ್ನು ಸೇರಿಸಿದರೆ ಒಳಗಿನ ಲಿಸ್ಟೇ ಬೆಳೆಯುತ್ತದೆ. ಮಿತಿ ಪರೀಕ್ಷಿಸುವ ನಿಮ್ಮ ಸಾಲು ಓಡುವುದೇ ಇಲ್ಲ, ಎರರ್ ಕೂಡ ಬರುವುದಿಲ್ಲ. ಪೈಥಾನ್‌ನಲ್ಲಿ ಟ್ಯೂಪಲ್ (ಬದಲಿಸಲಾಗದ ಲಿಸ್ಟ್) ಮಾಡಿ ಕೊಡಿ. ಜಾವಾ 10 ಅಥವಾ ಅದಕ್ಕಿಂತ ಹೊಸದಾದರೆ ಲಿಸ್ಟ್ ಡಾಟ್ ಕಾಪಿಆಫ್ (List.copyOf) ಇದೆ. ಎಡಿಟರ್ ಒಂದೇ ಕ್ಲಿಕ್‌ಗೆ ಎಲ್ಲ ಫೀಲ್ಡ್‌ಗೂ (ಆಬ್ಜೆಕ್ಟ್ ಒಳಗಿನ ವೇರಿಯಬಲ್‌ಗೂ) ಸೆಟರ್ (ಅದರ ಬೆಲೆ ಬದಲಿಸುವ ಮೆಥಡ್) ಬರೆದುಕೊಡುತ್ತದೆ ಎಂದು ಅದನ್ನು ಒತ್ತಬೇಡಿ. ಪ್ರತಿ ಫೀಲ್ಡ್‌ಗೂ ಸೆಟರ್ ಇರುವ ಕ್ಲಾಸ್ ಯಾವ ನಿಯಮವನ್ನೂ ಕಾಯುವುದಿಲ್ಲ. ಅದಕ್ಕಿಂತ ನೀವು ಮೊದಲು ಬರೆದ ಡಿಕ್ಷನರಿಯೇ ವಾಸಿ.

ಕೊನೆಗೆ ನಿಮ್ಮ ಕೋಡ್ ಪರೀಕ್ಷಿಸುವ ಒಂದು ಕೋಡ್ ಬರೆಯಿರಿ. ಒಬ್ಬ ಸದಸ್ಯನಿಗೆ 3 ಪ್ರತಿ ಕೊಡಿ. ನಾಲ್ಕನೆಯದಕ್ಕೆ ಎಕ್ಸೆಪ್ಷನ್ ಬರಬೇಕು. ಬಂದ ಮೇಲೂ ಅವನ ಎರವಲು 3 ಆಗೇ ಉಳಿದಿರಬೇಕು, ನಾಲ್ಕನೆಯ ಪ್ರತಿ ಕಪಾಟಿನಲ್ಲೇ ಇರಬೇಕು. ಎಕ್ಸೆಪ್ಷನ್ ಬಂದಿತಲ್ಲ ಎಂದು ಕೊನೆಯ ಎರಡನ್ನು ಬಿಡಬೇಡಿ, ತಪ್ಪು ಅಡಗಿರುವುದು ಅಲ್ಲೇ.

ಪ್ರಶ್ನೆ: ಪೈಥಾನ್‌ನಲ್ಲಿ ಇಬ್ಬರು ಸದಸ್ಯರನ್ನು ಮಾಡಿದೆ. ಒಬ್ಬರಿಗೆ ಪುಸ್ತಕ ಸೇರಿಸಿದರೆ ಇಬ್ಬರ ಲೆಕ್ಕದಲ್ಲೂ ಬರುತ್ತೆ. ಪೈಥಾನ್‌ನಲ್ಲೇ ತಪ್ಪಿದೆಯಾ?

ಉತ್ತರ: ಪೈಥಾನ್‌ನಲ್ಲಿ ತಪ್ಪಿಲ್ಲ. ಖಾಲಿ ಲಿಸ್ಟ್ ಅನ್ನು ನೀವು ಕ್ಲಾಸ್ ಸಾಲಿನ ಕೆಳಗೇ ಬರೆದಿದ್ದೀರಿ. ಅಲ್ಲಿ ಬರೆದದ್ದು ಕ್ಲಾಸ್‌ನ ಸ್ವತ್ತು. ಲಿಸ್ಟ್ ಇರುವುದು ಒಂದೇ, ಇಬ್ಬರೂ ಅದಕ್ಕೇ ಸೇರಿಸುತ್ತಿದ್ದಾರೆ. ಇನಿಟ್ (__init__, ಆಬ್ಜೆಕ್ಟ್ ಹುಟ್ಟುವಾಗ ಓಡುವುದು) ಮೆಥಡ್ ಒಳಗೆ ಸೆಲ್ಫ್ (self, ಅಂದರೆ ಆ ಆಬ್ಜೆಕ್ಟ್) ಹಚ್ಚಿ ಬರೆಯಿರಿ, ಆಗ ಪ್ರತಿ ಆಬ್ಜೆಕ್ಟ್‌ಗೂ ಹೊಸ ಲಿಸ್ಟ್ ಹುಟ್ಟುತ್ತದೆ. 'ಪುಸ್ತಕಗಳ ಎಣಿಕೆಯನ್ನು ಕ್ಲಾಸ್ ಸಾಲಿನ ಕೆಳಗೇ ಇಟ್ಟರೆ ಸರಿ ಬರುತ್ತಲ್ಲ' ಎಂದು ವಾದಿಸುವವರಿದ್ದಾರೆ. ಸೆಲ್ಫ್ ಮೂಲಕ ಎಣಿಕೆಗೆ 1 ಕೂಡಿಸಿದಾಗ ಪೈಥಾನ್ ಕ್ಲಾಸ್‌ನ ಬೆಲೆಯನ್ನು ಓದಿ, ಫಲಿತಾಂಶವನ್ನು ಆ ಆಬ್ಜೆಕ್ಟ್‌ನ ಸ್ವಂತ ಫೀಲ್ಡ್ ಆಗಿ ಬರೆಯುತ್ತದೆ. ಲಿಸ್ಟ್‌ಗೆ ಅಪೆಂಡ್ ಮಾಡಿದಾಗ ಹೊಸದೇನೂ ಹುಟ್ಟುವುದಿಲ್ಲ, ಇದ್ದದ್ದೇ ಬದಲಾಗುತ್ತದೆ. ಇನಿಟ್‌ನ ಆರ್ಗ್ಯುಮೆಂಟ್‌ಗೆ ಡೀಫಾಲ್ಟ್ ಆಗಿ ಖಾಲಿ ಲಿಸ್ಟ್ ಕೊಟ್ಟರೂ ಇದೇ ಗತಿ, ಏಕೆಂದರೆ ಆ ಡೀಫಾಲ್ಟ್ ಹುಟ್ಟುವುದು ಫಂಕ್ಷನ್ ವ್ಯಾಖ್ಯಾನಿಸುವಾಗ ಒಂದೇ ಸಲ. ಡೀಫಾಲ್ಟ್ None (ಏನೂ ಇಲ್ಲ ಎಂಬ ಬೆಲೆ) ಇರಲಿ, ಒಳಗೆ ಹೊಸ ಲಿಸ್ಟ್ ಮಾಡಿ.

ಪ್ರಶ್ನೆ: ಪ್ರಾಣಿ ಕ್ಲಾಸ್‌ನಿಂದ ನಾಯಿ, ಬೆಕ್ಕು ಮಾಡುವುದು ಅರ್ಥವಾಯಿತು. ನನ್ನ ಪ್ರಾಜೆಕ್ಟ್‌ನಲ್ಲಿ ಇನ್‌ಹೆರಿಟೆನ್ಸ್ ಎಲ್ಲಿ ಹಾಕಲಿ?

ಉತ್ತರ: ಎಲ್ಲೂ ಬೇಡ. ಇನ್‌ಹೆರಿಟೆನ್ಸ್ ಎಂದರೆ ತಂದೆ ಕ್ಲಾಸ್‌ನ ಮೆಥಡ್‌ಗಳೆಲ್ಲ ಮಗು ಕ್ಲಾಸ್‌ಗೂ ಬರುವುದು. ನಾಯಿ ಬೊಗಳಿತು, ಬೆಕ್ಕು ಮಿಯಾವ್ ಎಂದಿತು ಎಂಬ ಪಾಠದಿಂದ ಆಗಿರುವ ಹಾನಿ ಸಣ್ಣದಲ್ಲ. ಎರಡು ಕ್ಲಾಸ್‌ನಲ್ಲಿ ಒಂದೇ ಕೋಡ್ ಕಂಡರೆ ಸಾಕು, ಇನ್‌ಹೆರಿಟೆನ್ಸ್ ಎಂದು ಹಾರುತ್ತಾರೆ. ಜಾವಾದಲ್ಲೇ ಇದರ ಪಾಠವಿದೆ: ಅದರ ಸ್ಟ್ಯಾಕ್ ಕ್ಲಾಸ್ ವೆಕ್ಟರ್ ಎಂಬ ಲಿಸ್ಟ್ ಕ್ಲಾಸ್‌ನ ಮಗು. ಸ್ಟ್ಯಾಕ್‌ನಲ್ಲಿ ಸೇರಿಸುವುದೂ ತೆಗೆಯುವುದೂ ಮೇಲಿನಿಂದ ಮಾತ್ರ ಆಗಬೇಕು. ಆದರೆ ವೆಕ್ಟರ್‌ನಿಂದ ಬಂದ ಮೆಥಡ್‌ಗಳಿಂದ ನಡುವೆ ಎಲ್ಲಿ ಬೇಕಾದರೂ ಸೇರಿಸಬಹುದು. ಜಾವಾದ ದಾಖಲೆಯೇ ಈಗ ಅದರ ಬದಲು ಡೆಕ್ (Deque) ಬಳಸಿ ಎನ್ನುತ್ತದೆ. ತಂದೆ ಕ್ಲಾಸ್‌ನ ಪ್ರತಿ ಮೆಥಡ್ ಮಗುವಿನಲ್ಲೂ ಸರಿಹೊಂದಿದರೆ ಮಾತ್ರ ಇನ್‌ಹೆರಿಟೆನ್ಸ್. ಒಂದು ಹೊಂದದಿದ್ದರೂ ಆ ಇನ್ನೊಂದು ಕ್ಲಾಸ್‌ನ ಆಬ್ಜೆಕ್ಟ್ ಅನ್ನು ಫೀಲ್ಡ್ ಆಗಿ ಇಟ್ಟುಕೊಳ್ಳಿ.

ಪ್ರಶ್ನೆ: ಪ್ರೈವೇಟ್ ಹಾಕಿದರೆ ಹ್ಯಾಕರ್‌ಗಳಿಂದ ಪಾಸ್‌ವರ್ಡ್ ಸುರಕ್ಷಿತ ತಾನೆ?

ಉತ್ತರ: ಖಂಡಿತ ಅಲ್ಲ. ಪ್ರೈವೇಟ್ ಇರುವುದು ಜೊತೆಗಾರ ಪ್ರೋಗ್ರಾಮರ್ ಕೈತಪ್ಪಿ ಫೀಲ್ಡ್ ಮುಟ್ಟದಿರಲಿ ಎಂದು. ಪೈಥಾನ್‌ನ ಎರಡು ಅಂಡರ್‌ಸ್ಕೋರ್ ಹೆಸರನ್ನು ಮಾತ್ರ ಬದಲಿಸುತ್ತದೆ. ಇದನ್ನು ಸುರಕ್ಷತೆ ಎಂದು ಕಲಿಸುವವರ ಮಾತು ನಂಬಬೇಡಿ.

ಪ್ರಶ್ನೆ: 23 ಡಿಸೈನ್ ಪ್ಯಾಟರ್ನ್‌ಗಳನ್ನೂ ಈಗಲೇ ಕಲಿಯಬೇಕಾ?

ಉತ್ತರ: ಬೇಡ. ಒಂದೊಂದು ಪ್ಯಾಟರ್ನ್ ಪದೇ ಪದೇ ಬರುವ ಒಂದು ತೊಡಕಿಗೆ ಸಿದ್ಧ ಪರಿಹಾರ. ಆ ತೊಡಕು ನಿಮ್ಮ ಕೋಡ್‌ನಲ್ಲೇ ಎದುರಾದ ದಿನ ನೋಡಿ.

ಪ್ರಶ್ನೆ: ಜಾವಾನೋ ಪೈಥಾನೋ? ಒಂದೇ ವಾರದಲ್ಲಿ ಪೂರ್ತಿ ಕಲಿಸುತ್ತೇವೆ ಅನ್ನುವ ಕೋರ್ಸ್ ಸೇರಲಾ?

ಉತ್ತರ: ಕೈಯಲ್ಲಿರುವುದನ್ನೇ ಮುಂದುವರಿಸಿ, ಭಾಷೆ ಬದಲಿಸುತ್ತಾ ಕೂರಬೇಡಿ. ಒಂದು ವಾರದಲ್ಲಿ ಅವರು ಕೊಡುವುದು ವ್ಯಾಖ್ಯೆ ಮಾತ್ರ, ಅದು ನಿಮಗೆ ಈಗಾಗಲೇ ಬಾಯಿಗೆ ಬರುತ್ತದೆ. ದುಡ್ಡು ಉಳಿಸಿ.

ಪ್ರಶ್ನೆ: ಒಂದೇ ಸಂಖ್ಯೆಯ ಎರಡು ಸದಸ್ಯ ಆಬ್ಜೆಕ್ಟ್ ಹೋಲಿಸಿದರೆ ಸಮ ಅಲ್ಲ ಅನ್ನುತ್ತೆ, ಯಾಕೆ?

ಉತ್ತರ: ನೀವು ಹೇಳದ ಹೊರತು ಹೋಲಿಕೆಯಾಗುವುದು ಒಳಗಿನ ಸಂಖ್ಯೆಯಲ್ಲ, ಎರಡೂ ಒಂದೇ ಆಬ್ಜೆಕ್ಟ್ ಹೌದೋ ಅಲ್ಲವೋ ಎಂಬುದು. ಜಾವಾದಲ್ಲಿ ಈಕ್ವಲ್ಸ್ (equals) ಬರೆಯಿರಿ, ಜೊತೆಗೆ ಹ್ಯಾಶ್‌ಕೋಡ್ (hashCode, ಬೇಗ ಹುಡುಕಲು ಆಬ್ಜೆಕ್ಟ್‌ನಿಂದ ಲೆಕ್ಕ ಹಾಕುವ ಅಂಕಿ) ಕೂಡ. ಎರಡನೆಯದನ್ನು ಮರೆತರೆ ಹ್ಯಾಶ್‌ಸೆಟ್‌ಗೆ ಹಾಕಿದ ಸದಸ್ಯನನ್ನು ಅದೇ ಸಂಖ್ಯೆಯ ಹೊಸ ಆಬ್ಜೆಕ್ಟ್ ಹಿಡಿದು ಹುಡುಕಿದಾಗ ಸಿಗದೇ ಹೋಗುತ್ತಾನೆ. ಪೈಥಾನ್‌ನಲ್ಲಿ ಈಕ್ಯೂ (__eq__) ಒಂದನ್ನೇ ಬರೆದು ಹ್ಯಾಶ್ (__hash__) ಬಿಟ್ಟರೆ ಸೆಟ್‌ಗೆ ಹಾಕುವಾಗಲೇ ಎರರ್ ಬರುತ್ತದೆ. ಎರಡೂ ಕಡೆ ಹ್ಯಾಶ್ ಅನ್ನು ಬದಲಾಗದ ಫೀಲ್ಡ್‌ನಿಂದಲೇ ಲೆಕ್ಕ ಹಾಕಿ: ಸದಸ್ಯನ ಸಂಖ್ಯೆ ಆಗಬಹುದು, ಎರವಲುಗಳ ಲಿಸ್ಟ್ ಆಗದು.