ಕೋವಿಡ್ ಕಾಲದಲ್ಲಿ ಎಲ್ಲ ಕಾಗದಪತ್ರ ಸರಿಯಿದ್ದರೂ ಜಪಾನೀ ಭಾಷಾ ವಿದ್ಯಾರ್ಥಿಗಳು ಜಪಾನಿಗೆ ಹೋಗಲಾಗದೆ ಕಾದದ್ದು ಯಾಕೆ?

ತಡೆ ಇದ್ದದ್ದು ವೀಸಾ ಹಂತದಲ್ಲಿ. ಭಾಷಾ ಶಾಲೆಗೆ ಸೇರುವವರಿಗೆ ಮೊದಲು ಜಪಾನಿನ ವಲಸೆ ಇಲಾಖೆ ಅರ್ಹತಾ ಪ್ರಮಾಣಪತ್ರ ಕೊಡುತ್ತದೆ (ವಿದ್ಯಾರ್ಥಿಗಳ ಬಾಯಲ್ಲಿ ಅದು ‘ಸಿಒಇ’). ಅದನ್ನು ತೋರಿಸಿದರೆ ರಾಯಭಾರ ಕಚೇರಿಯಲ್ಲಿ ವೀಸಾ. ಕೋವಿಡ್‌ನಲ್ಲಿ ಜಪಾನ್ ಹೊಸ ವಿದೇಶಿಯರಿಗೆ ಬಾಗಿಲು ಮುಚ್ಚಿದ್ದರಿಂದ ಸಿಒಇ ಕೈಗೆ ಬಂದರೂ ವೀಸಾ ಬರಲಿಲ್ಲ. ಸಿಒಇಯ ಮೂರು ತಿಂಗಳ ಅವಧಿಯನ್ನು ಸರ್ಕಾರವೇ ವಿಸ್ತರಿಸುತ್ತಾ ಹೋಯಿತು.

2020ರ ಅಕ್ಟೋಬರಿನಲ್ಲಿ ಬಾಗಿಲು ಸ್ವಲ್ಪ ತೆರೆದು, 2021ರ ಜನವರಿಯಲ್ಲಿ ಮತ್ತೆ ಮುಚ್ಚಿತು. ಆ ಬೇಸಿಗೆಯಲ್ಲಿ ಟೋಕಿಯೋ ಒಲಿಂಪಿಕ್ಸ್‌ಗೆ ಸಾವಿರಾರು ವಿದೇಶಿಯರು ಬಂದರು. ವಿದ್ಯಾರ್ಥಿಗಳಿಗೆ ಉರಿದದ್ದು ಅದಕ್ಕೇ. ನವೆಂಬರ್ 8ಕ್ಕೆ ಮತ್ತೆ ಅನುಮತಿ ಸಿಕ್ಕಿತು, ಒಮಿಕ್ರಾನ್ ನೆಪದಲ್ಲಿ 30ಕ್ಕೆ ರದ್ದಾಯಿತು. ‘ನೆಪ’ ಅಂದದ್ದು ನನ್ನ ಅಭಿಪ್ರಾಯ. ಎಡೋ ಕಾಲದ (17ರಿಂದ 19ನೇ ಶತಮಾನ) ಬಾಗಿಲು ಮುಚ್ಚಿದ ನೀತಿ ‘ಸಕೋಕು’ವಿಗೆ ಇದನ್ನು ಹೋಲಿಸಿದವರು ಜಪಾನಿನಲ್ಲೇ ಇದ್ದರು.

ಅಷ್ಟರಲ್ಲಿ ಪಾಠ ಆನ್‌ಲೈನ್. ಟೋಕಿಯೋದ ಬೆಳಗ್ಗೆ 9 ಅಂದರೆ ಬೆಂಗಳೂರಿನಲ್ಲಿ 5.30, ಹಾಲಿನವನು ಬರುವ ಹೊತ್ತು!

2022ರ ಮಾರ್ಚ್ 1ರಿಂದ ದಿನಕ್ಕೆ 5,000 ಜನರ ಮಿತಿಯಲ್ಲಿ ಪ್ರವೇಶ ಶುರುವಾಯಿತು. ಆಗ ಕಾಯುತ್ತಿದ್ದ ವಿದ್ಯಾರ್ಥಿಗಳೇ ಸುಮಾರು ಒಂದೂವರೆ ಲಕ್ಷ.