ಅಪ್ಪಣೆ ರಾಜನದು, ಏಟು ಲೂಸಿಗೆ

"ಲಂಡನ್ನಿನ ಮಗಳ ಮನೆಗೆ ಹೋಗಿದ್ದಾಗ ಅಬಿ ವುಡ್ ಹತ್ತಿರದ ಲೆಸ್ನೆಸ್ ಮಠದ ಪಾಳುಗೋಡೆಗಳನ್ನು ನೋಡಿದೆ. 1178ರಲ್ಲಿ ರಿಚರ್ಡ್ ಡಿ ಲೂಸಿ ಕಟ್ಟಿಸಿದ್ದಂತೆ, ಅದೂ ಥಾಮಸ್ ಬೆಕೆಟ್ ಹೆಸರಿನಲ್ಲಿ. ಬೆಕೆಟ್‌ನನ್ನು ಕೊಂದವರಲ್ಲಿ ಇವನೂ ಒಬ್ಬನಾ?" ಎಂದು ಕೇಳಿದ್ದೀರಿ.

ಅಲ್ಲ. 1170ರ ಡಿಸೆಂಬರ್ 29ರಂದು ಕ್ಯಾಂಟರ್ಬರಿ ಚರ್ಚಿನೊಳಗೆ ಕತ್ತಿ ಹಿಡಿದು ನುಗ್ಗಿ, ಅಲ್ಲಿನ ಆರ್ಚ್‌ಬಿಷಪ್, ಅಂದರೆ ಇಂಗ್ಲೆಂಡಿನ ಚರ್ಚಿನ ಹಿರಿಯ ಗುರು ಬೆಕೆಟ್‌ನನ್ನು ಕೊಂದ ನಾಲ್ವರು ಸರದಾರರಲ್ಲಿ ಲೂಸಿ ಇರಲಿಲ್ಲ. ಆದರೆ ನಿಮಗೆ ಆ ಅನುಮಾನ ಬಂದದ್ದು ಸಹಜ. ಬೆಕೆಟ್ ಜೊತೆ ಅವನ ನಂಟು ಬಲು ಸಿಕ್ಕು.

ಲೂಸಿಯದು ನಾರ್ಮಂಡಿ ಮೂಲದ ಮನೆತನ. ಇಂಗ್ಲೆಂಡಿನ ರಾಜ 2ನೇ ಹೆನ್ರಿಗೆ ಅವನು ಮುಖ್ಯ ಜಸ್ಟಿಷಿಯರ್. ದಿವಾನನಂಥ ಹುದ್ದೆ ಅನ್ನಿ. ಹೆನ್ರಿ ತನ್ನ ಆಳ್ವಿಕೆಯ ಅರ್ಧಕ್ಕಿಂತ ಜಾಸ್ತಿ ಕಾಲ ಫ್ರಾನ್ಸಿನ ಕಡೆಯೇ ಇದ್ದ. ಇಂಗ್ಲೆಂಡಿನ ನ್ಯಾಯ, ಖಜಾನೆ ಎಲ್ಲ ಲೂಸಿಯ ತಲೆ ಮೇಲೆ. 1162ರಲ್ಲಿ ಬೆಕೆಟ್‌ನನ್ನೇ ಆರ್ಚ್‌ಬಿಷಪ್ ಮಾಡಬೇಕೆಂಬ ರಾಜನ ಮಾತನ್ನು ಕ್ಯಾಂಟರ್ಬರಿಯ ಸನ್ಯಾಸಿಗಳಿಗೆ ಮುಟ್ಟಿಸಿದವನೂ ಅವನೇ. ಎರಡೇ ವರ್ಷಕ್ಕೆ ರಾಜನಿಗೂ ಬೆಕೆಟ್‌ಗೂ ಕೆಟ್ಟಿತು. ಚರ್ಚಿಗೆ ಮೂಗುದಾರ ಹಾಕುವ ಕ್ಲಾರೆಂಡನ್ ಕಟ್ಟಳೆಗಳು ಬಂದವು. ಅವನ್ನು ಬರೆಯುವುದರಲ್ಲಿ ಲೂಸಿಯ ಕೈ ಇದೆಯೆಂದು 1166ರಲ್ಲಿ ಬೆಕೆಟ್ ಅವನಿಗೆ ಬಹಿಷ್ಕಾರ ಹಾಕಿದ. ರಾಜನಿಗೆ ಹಾಕಲಿಲ್ಲ.

1173ರಲ್ಲಿ ರಾಜನ ಸ್ವಂತ ಮಕ್ಕಳೇ ದಂಗೆ ಎದ್ದರು. ರಾಜ ಸಮುದ್ರದಾಚೆ. ಇಂಗ್ಲೆಂಡನ್ನು ಕೈಬಿಟ್ಟು ಹೋಗದಂತೆ ಹಿಡಿದವರಲ್ಲಿ ಲೂಸಿ ಮುಖ್ಯ. ಆ ಗಲಾಟೆಯಲ್ಲಿ ಜನ ರಾಜನ ಕಾಡಿಗೆ ನುಗ್ಗಿ ಬೇಟೆಯಾಡಿದ್ದರು. ಎಲ್ಲ ತಣ್ಣಗಾದ ಮೇಲೆ, 1175ರಲ್ಲಿ, ಹೆನ್ರಿ ನಾಟಿಂಗ್‌ಹ್ಯಾಮ್‌ನಲ್ಲಿ ಅದರ ವಿಚಾರಣೆ ಎತ್ತಿದ. ಆಗ ಲೂಸಿ ರಾಜನ ಮುಂದೆ ಒಂದು ಓಲೆ ಹಿಡಿದ. ಯುದ್ಧ ಮುಗಿಯುವ ತನಕ ಕಾಡನ್ನು ಜನರಿಗೆ ಬಿಡಿ ಎಂದು ಸಮುದ್ರದಾಚೆಯಿಂದ ಹೆನ್ರಿಯೇ ಬರೆಸಿ ಕಳಿಸಿದ್ದ ಅಪ್ಪಣೆ ಅದು. ಹೆನ್ರಿ ಕಿವಿಗೆ ಹಾಕಿಕೊಳ್ಳಲಿಲ್ಲ. ದಂಡ ವಸೂಲಾಯಿತು.

ನನಗೆ ಲೂಸಿ ಇಷ್ಟವಾಗುವುದು ಈ ಗಳಿಗೆಗೆ. 20 ವರ್ಷ ಆ ರಾಜನ ಕೆಲಸ ಮಾಡಿದವನು, ರಾಜನ ಮಾತನ್ನೇ ರಾಜನಿಗೆ ತೋರಿಸಿ ಜನರ ಪರ ನಿಂತ. ಅದಕ್ಕೆ ಎದೆ ಬೇಕು, ಅಲ್ವಾ?

ಇನ್ನು ಮಠದ ಮಾತು. ಅದು ಪ್ರಾಯಶ್ಚಿತ್ತ ಅಂತ ಬಹಳ ಜನ ಹೇಳುತ್ತಾರೆ, ನಾನೂ ಒಪ್ಪುತ್ತೇನೆ. ಕತ್ತಿ ಹಿಡಿಯದಿದ್ದರೂ ಆ ಜಗಳದ ಕಾಗದಪತ್ರದಲ್ಲಿ ಅವನ ಕೈ ಇತ್ತು. ಸುಮ್ನೆ ದುಡ್ಡು, ಜಮೀನು ಕೊಟ್ಟು ಅವನು ಕೈತೊಳೆದುಕೊಳ್ಳಲಿಲ್ಲ. ಹುದ್ದೆ ಬಿಟ್ಟು ಅದೇ ಮಠಕ್ಕೆ ಸೇರಿದ. 1179ರ ಜುಲೈನಲ್ಲಿ ಅಲ್ಲೇ ತೀರಿಕೊಂಡ. ನೀವು ನೋಡಿ ಬಂದ ಆ ಗಿಡ್ಡ ಗೋಡೆಗಳ ನಡುವೆಯೇ ಅವನನ್ನು ಮಣ್ಣು ಮಾಡಿದರು.

– ಸಂ.