ಏನೂ ಬೆರೆಸದ ವೈನ್ ಹುಳಿಯಾಗಿದ್ದು ಯಾಕೆ?

ಪ್ರಶ್ನೆ: ನಮ್ಮದು ಚಿಕ್ಕ ದ್ರಾಕ್ಷಿ ತೋಟ. ಮೂರು ವರ್ಷದಿಂದ ಸಾವಯವ. ಕಳೆದ ಸಲ ಹೊರಗಿನ ಯೀಸ್ಟ್ ಹಾಕದೆ, ವೈನ್ ಕೆಡದಂತೆ ಹಾಕುವ ಸಲ್ಫೈಟ್ ಮುಟ್ಟದೆ ಕೆಂಪು ವೈನ್ ಮಾಡಿದೆವು. ಶುರುವಿನಲ್ಲಿ ಚೆನ್ನಾಗಿತ್ತು. ಎರಡು ತಿಂಗಳಿಗೆ ನೇಲ್ ಪಾಲಿಶ್ ವಾಸನೆ ಬಂತು, ಆಮೇಲೆ ಬರೀ ಹುಳಿ. ನೈಸರ್ಗಿಕ ವೈನ್ ಅಂದ್ರೆ ಹೀಗೇ ಇರುತ್ತದೆ ಅನ್ನುತ್ತಾರೆ ಕೆಲವರು. ಹೌದಾ?

ಉತ್ತರ: ಅಲ್ಲ. ಕೆಟ್ಟ ವೈನಿಗೆ ‘ನೈಸರ್ಗಿಕ’ ಅಂತ ಚೀಟಿ ಅಂಟಿಸಿದ ಮಾತ್ರಕ್ಕೆ ಅದು ಸರಿಹೋಗುವುದಿಲ್ಲ.

ನೇಲ್ ಪಾಲಿಶ್ ವಾಸನೆ ಈಥೈಲ್ ಅಸಿಟೇಟಿನದು, ಹುಳಿ ಅಸಿಟಿಕ್ ಆಮ್ಲದ್ದು. ಮೊದಲ ನಾಲ್ಕೈದು ದಿನದಲ್ಲೇ ಈ ವಾಸನೆ ಬಂದಿದ್ದರೆ ಒಡೆದ, ಕೊಳೆತ ಹಣ್ಣಿನ ಮೇಲೆ ಅಥವಾ ಕಾಡು ಯೀಸ್ಟಿನ ಮೇಲೆ ಅನುಮಾನ ಪಡಬಹುದಿತ್ತು. ನಿಮ್ಮದು ಎರಡು ತಿಂಗಳು ಚೆನ್ನಾಗಿದ್ದು ಆಮೇಲೆ ಕೆಟ್ಟಿದೆ. ಹಾಗಾಗಿ ನನ್ನ ಅನುಮಾನ ಪಾತ್ರೆಯ ಮೇಲೆ. ಅದು ಕತ್ತಿನವರೆಗೆ ತುಂಬಿತ್ತಾ?

ಹುದುಗು ಜೋರಾಗಿ ಏಳುವಾಗ ಇಂಗಾಲದ ಡೈಆಕ್ಸೈಡ್ ಮೇಲೆ ಹೊದಿಕೆಯಂತೆ ನಿಂತು ವೈನನ್ನು ಕಾಯುತ್ತದೆ. ಹುದುಗು ನಿಂತರೆ ಆ ಹೊದಿಕೆಯೂ ಹೋಯಿತು. ಆಲ್ಕೋಹಾಲನ್ನು ವಿನೆಗರ್ ಮಾಡುವ ಬ್ಯಾಕ್ಟೀರಿಯಾಗಳಿಗೆ ಬೇಕಾಗಿರುವುದು ಗಾಳಿ ಒಂದೇ. ನೂರು ಲೀಟರಿನ ಡ್ರಮ್ಮಿನಲ್ಲಿ ಎಪ್ಪತ್ತು ಲೀಟರ್ ವೈನ್ ಬಿಟ್ಟರೆ ಅವಕ್ಕೆ ಊಟಕ್ಕೆ ಕರೆದಂತೆ. ಸಣ್ಣ ತೋಟದವರು ಜಾಸ್ತಿ ಎಡವುವುದು ಇಲ್ಲೇ. ದೊಡ್ಡ ಪಾತ್ರೆ ಒಂದಕ್ಕಿಂತ ಬೇರೆ ಬೇರೆ ಅಳತೆಯ ನಾಲ್ಕು ಪಾತ್ರೆ ಇಟ್ಟುಕೊಳ್ಳಿ. ಉಳಿದದ್ದನ್ನು ಬಾಟಲಿಗೆ ತುಂಬಿ ಮುಚ್ಚಿಡಿ, ವಾರಕ್ಕೊಮ್ಮೆ ಅದರಿಂದಲೇ ದೊಡ್ಡ ಪಾತ್ರೆಯನ್ನು ತುಂಬಿಸುತ್ತಾ ಬನ್ನಿ.

ಇನ್ನೊಂದು, ಪಿಎಚ್, ಅಂದರೆ ಹುಳಿಯ ಅಳತೆ; ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ಹೆಚ್ಚು ಕೈಯಾಡಿಸದ ವೈನ್ ಮಾಡುವವರು ಉಳಿದವರಿಗಿಂತ ಜಾಸ್ತಿ ಅಳತೆ ಮಾಡಬೇಕು, ಕಮ್ಮಿ ಅಲ್ಲ. ಪಿಎಚ್ 3.5ರ ಕೆಳಗಿದ್ದರೆ ವೈನ್ ಬಹುಮಟ್ಟಿಗೆ ತನ್ನನ್ನು ತಾನೇ ಕಾಪಾಡಿಕೊಳ್ಳುತ್ತದೆ. 3.8ಕ್ಕೆ ಹೋದರೆ ಕಷ್ಟ. ಸಲ್ಫೈಟ್ ಬಳಸುವವರಿಗೂ ಇದೇ ಲೆಕ್ಕ. 3.2ರಲ್ಲಿ ಲೀಟರಿಗೆ ಸುಮಾರು 22 ಮಿಲಿಗ್ರಾಂ ಬಿಡಿ ಸಲ್ಫರ್ ಡೈಆಕ್ಸೈಡ್ (ಸಲ್ಫೈಟಿನಿಂದ ಬಂದು, ಬೇರೆ ಯಾವುದಕ್ಕೂ ಅಂಟಿಕೊಳ್ಳದೆ ಉಳಿದದ್ದು) ಮಾಡುವ ಕೆಲಸಕ್ಕೆ 3.8ರಲ್ಲಿ 80ಕ್ಕೂ ಹೆಚ್ಚು ಬೇಕು. ಅಂದರೆ ಏನೂ ಹಾಕದೆ ಗೆಲ್ಲುವುದು ಕೊಯ್ಲಿನ ದಿನವೇ ತೀರ್ಮಾನವಾಗುತ್ತದೆ. ಇನ್ನಷ್ಟು ಸಿಹಿ ಬರಲಿ ಅಂತ ಗೊಂಚಲನ್ನು ಬಳ್ಳಿಯಲ್ಲೇ ಬಿಡುತ್ತಾ ಹೋದರೆ ಆಮ್ಲ ಇಳಿಯುತ್ತದೆ, ಪಿಎಚ್ ಏರುತ್ತದೆ. 22 ಬ್ರಿಕ್ಸ್ (ರಸದಲ್ಲಿನ ಸಕ್ಕರೆಯ ಅಳತೆ) ಸಾಕು, ಶೇ 12ರಿಂದ 13ರ ಆಲ್ಕೋಹಾಲ್ ಬರುತ್ತದೆ.

ಯೀಸ್ಟಿನ ಬಗ್ಗೆ ಒಂದು ಮಾತು. ಹಣ್ಣಿನ ಸಿಪ್ಪೆಯ ಮೇಲೆ ಹುದುಗನ್ನು ಕೊನೆ ಮುಟ್ಟಿಸುವ ಸ್ಯಾಕರೋಮೈಸಿಸ್ ಯೀಸ್ಟ್ ಇರುವುದು ತೀರಾ ಕಮ್ಮಿ. ಮೊದಲು ಏಳುವುದು ಬೇರೆ ಯೀಸ್ಟ್‌ಗಳು. ಆಲ್ಕೋಹಾಲ್ ಶೇ 4–5 ಮುಟ್ಟುವ ಹೊತ್ತಿಗೆ ಅವು ಸುಸ್ತಾಗುತ್ತವೆ. ಈ ನಡುವೆ ಸ್ಯಾಕರೋಮೈಸಿಸ್ ಬೆಳೆಯದಿದ್ದರೆ ಹುದುಗು ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೇ ಕೊಯ್ಲಿಗೆ ಐದಾರು ದಿನ ಮೊದಲು ಒಳ್ಳೆಯ ಗೊಂಚಲುಗಳನ್ನು ಆರಿಸಿ, ಹಿಸುಕಿ, ಎರಡು ಮೂರು ಬಕೆಟ್ಟಿನಲ್ಲಿ ಬೇರೆ ಬೇರೆ ಹುದುಗಿಗೆ ಇಡಿ. ಮೇಲೆ ಬಟ್ಟೆ ಕಟ್ಟಿ, ದಿನಕ್ಕೆರಡು ಸಲ ಕಲಕಿ. ಮೂಗಿಗೆ ಹಿತವಾದ ಬಕೆಟ್ಟನ್ನು ಹೆಪ್ಪಿನಂತೆ ದೊಡ್ಡ ಪಾತ್ರೆಗೆ ಹಾಕಿ. ವಾಸನೆ ಬಂದದ್ದನ್ನು ಚೆಲ್ಲಿ, ಪಾಪ ಅನ್ನಬೇಡಿ.

ಬಾಟಲಿ ತುಂಬುವಾಗ ಚೂರು ಸಲ್ಫೈಟ್ ಹಾಕಿದರೆ ಧರ್ಮಭ್ರಷ್ಟರಾಗುವುದಿಲ್ಲ. ಫ್ರಾನ್ಸಿನಲ್ಲಿ 2020ರಲ್ಲಿ ಬಂದ ‘ವ್ಯಾನ್ ಮೆಥೋಡ್ ನಾತ್ಯೂರ್’ ಎಂಬ ನೈಸರ್ಗಿಕ ವೈನಿನ ಗುರುತಿನ ನಿಯಮವೇ ಲೀಟರಿಗೆ 30 ಮಿಲಿಗ್ರಾಂವರೆಗೆ ಬಿಡುತ್ತದೆ. ಯೀಸ್ಟ್ ಕೂಡ ತಾನಾಗಿ ಸ್ವಲ್ಪ ಮಾಡುತ್ತದೆ, ಹಾಗಾಗಿ ‘ಸಲ್ಫೈಟ್ ಇಲ್ಲವೇ ಇಲ್ಲ’ ಅನ್ನುವುದು ಸುಮ್ನೆ ಮಾತು.

ಕೆಟ್ಟ ವೈನನ್ನು ಹಿಂದಕ್ಕೆ ತರಲು ಆಗುವುದಿಲ್ಲ. ಪೂರ್ತಿ ವಿನೆಗರ್ ಮಾಡಿಕೊಳ್ಳಿ, ಆದರೆ ಆ ಡ್ರಮ್ಮನ್ನು ವೈನ್ ಇಡುವ ಕೋಣೆಯಿಂದ ದೂರ ಇಡಿ.

ಪ್ರಶ್ನೆ: ಬೂದಿ ರೋಗಕ್ಕೆ ಗಂಧಕ, ಮಳೆಗಾಲದಲ್ಲಿ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಎರಡೂ ಸಾವಯವಕ್ಕೆ ಸಲ್ಲುತ್ತವೆ ತಾನೇ? ಕೊಯ್ಲಿನವರೆಗೂ ಹೊಡೆಯಬಹುದಾ?

ಉತ್ತರ: ಸಲ್ಲುತ್ತವೆ, ಆದರೆ ಕೊಯ್ಲಿನವರೆಗೆ ಬೇಡ. ಹಣ್ಣಿನ ಮೇಲೆ ಉಳಿದ ಗಂಧಕವನ್ನು ಯೀಸ್ಟ್ ಹೈಡ್ರೋಜನ್ ಸಲ್ಫೈಡ್ ಮಾಡುತ್ತದೆ. ಕೊಳೆತ ಮೊಟ್ಟೆಯ ವಾಸನೆ ಅದೇ. ಕೊಯ್ಲಿಗೆ ಐದಾರು ವಾರ ಇರುವಾಗಲೇ ನಿಲ್ಲಿಸಿ. ಬಿಸಿಲು 32 ಡಿಗ್ರಿ ದಾಟುವ ದಿನವೂ ಹೊಡೆಯಬೇಡಿ, ಎಲೆ ಸುಡುತ್ತದೆ.

ಬೋರ್ಡೋದಲ್ಲಿರುವುದು ಮೈಲುತುತ್ತ, ಅಂದರೆ ತಾಮ್ರ. ಅದು ಮಣ್ಣಿನಲ್ಲಿ ಕರಗಿ ಹೋಗುವುದಿಲ್ಲ. ವರ್ಷ ವರ್ಷ ಸೇರುತ್ತಾ ಎರೆಹುಳುವಿಗೆ ವಿಷವಾಗುತ್ತದೆ. ಯುರೋಪಿನ ಒಕ್ಕೂಟ ಏಳು ವರ್ಷಕ್ಕೆ ಹೆಕ್ಟೇರಿಗೆ 28 ಕಿಲೋ ತಾಮ್ರದ ಮಿತಿ ಹಾಕಿರುವುದು ಸುಮ್ಮನೆ ಅಲ್ಲ. ಬೋರ್ಡೋ ಹೊಡೆಯುವುದು ಮಳೆಗಾಲದ ಡೌನಿ ಎಂಬ ಬೂಷ್ಟು ರೋಗಕ್ಕೆ. ಅದು ಮೊದಲ ಸಲ ಹತ್ತಲು ಹಳೆಯ ಲೆಕ್ಕ ಒಂದಿದೆ: ಚಿಗುರು 10 ಸೆಂ.ಮೀ., ಮಳೆ 10 ಮಿ.ಮೀ., ಉಷ್ಣಾಂಶ 10 ಡಿಗ್ರಿ. ಇವು ಕೂಡಿ ಬರುವ ಸೂಚನೆಯೇ ಇಲ್ಲದಾಗ ಹೊಡೆದರೆ ಔಷಧಿ ವ್ಯರ್ಥ. ಬೂದಿ ರೋಗದ ಬುದ್ಧಿ ಬೇರೆ, ಅದಕ್ಕೆ ಎಲೆ ನೆನೆಯಬೇಕೆಂದೇ ಇಲ್ಲ. ಎರಡಕ್ಕೂ ಅಗ್ಗದ ಮದ್ದು ಗಾಳಿ. ಬೆಳಗಿನ ಬಿಸಿಲು ಬೀಳುವ ಕಡೆ ಗೊಂಚಲಿನ ಸುತ್ತ ಎಲೆ ತೆಗೆಯಿರಿ. ಮಧ್ಯಾಹ್ನದ ಬಿಸಿಲಿನ ಕಡೆ ಬಿಡಿ, ಇಲ್ಲದಿದ್ದರೆ ಹಣ್ಣು ಬೇಯುತ್ತದೆ.

ಪ್ರಶ್ನೆ: ಚೂರು ಸಿಹಿ ಉಳಿದಿರುವಾಗಲೇ ಬಾಟಲಿಗೆ ತುಂಬಿದ್ದೇವೆ. ಈಗ ಕಾರ್ಕ್ ಮೇಲೆ ಬರುತ್ತಿದೆ.

ಉತ್ತರ: ತಡಮಾಡಬೇಡಿ. ಒಳಗೆ ಹುದುಗು ಮತ್ತೆ ಎದ್ದಿದೆ. ಲೀಟರಿಗೆ 4 ಗ್ರಾಂ ಸಕ್ಕರೆ ಉಳಿದರೂ ಸುಮಾರು ಒಂದು ವಾತಾವರಣದಷ್ಟು ಒತ್ತಡ ಏಳುತ್ತದೆ, ಮಾಮೂಲಿ ಬಾಟಲಿ ಅದಕ್ಕಾಗಿ ಮಾಡಿದ್ದಲ್ಲ. ಮೊದಲು ಎಲ್ಲವನ್ನೂ ತಣ್ಣಗಿನ ಜಾಗಕ್ಕೆ ಇಡಿ. ಆಮೇಲೆ ಕನ್ನಡಕ ಹಾಕಿಕೊಂಡು, ದಪ್ಪ ಬಟ್ಟೆ ಸುತ್ತಿ, ಮುಖ ದೂರವಿಟ್ಟು ಒಂದನ್ನು ತೆಗೆಯಿರಿ. ಉಕ್ಕಿದರೆ ಎಲ್ಲ ಬಾಟಲಿಗಳನ್ನೂ ಪಾತ್ರೆಗೆ ಸುರಿದು ಹುದುಗು ಪೂರ್ತಿ ಮುಗಿಯಲು ಬಿಡಿ.